ದವಡೆ ಹಲ್ಲಿನ ಓನರ್

ಮಕ್ಕಳ ಬಾಯಿಗೆ ಹಾಕುವ ಮುಂಚೆ ಆ ಬೆರಳನ್ನು ಓನರ್ ತೊಳೆದುಕೊಂಡೇ ಇರುತ್ತಿದ್ದರೇನೋ. ತೊಳೆಯುತ್ತಿರಲಿಲ್ಲ ಎಂಬುದನ್ನು ನನ್ನ ಸಿಟ್ಟು ಆಮೇಲೆ ಸೇರಿಸಿರಬಹುದು. ಬಾಶೆಟ್ಟಿಹಳ್ಳಿಯಲ್ಲಿ ನಾವಿದ್ದ ವಠಾರದ ಓನರ್ ಅವರು. ಬಾಡಿಗೆಯವರ ಮಕ್ಕಳಿಗೆ ಭೇದಿಯಾದರೆ ಬಾಯೊಳಗೆ ಬೆರಳು ಹಾಕಿ, ವಸಡು ಒತ್ತಿ, “ಹಲ್ಲು ಬರ್ತಾ ಐತೆ, ಅಷ್ಟೇ” ಎನ್ನುತ್ತಿದ್ದರು. ಡಾಕ್ಟರಿಕೆ ಅಲ್ಲಿಗೆ ಮುಗಿಯುತ್ತಿತ್ತು.

ಪಕ್ಕದ ಮನೆಯಾಕೆ ಫ್ಯಾಕ್ಟರಿ ಕೆಲಸದವಳು. ಅವಳ ನಾಲ್ಕು ವರ್ಷದ ಮಗಳು ಭೇದಿಯಿಂದ ನಿತ್ರಾಣವಾಗಿ ಮಲಗಿದ್ದಾಗಲೂ ಓನರ್ ಬೆರಳು ಬಾಯಿಗೆ ಹೋಯಿತು.

“ಎಲ್ಲಾ ಹಲ್ಲೂ ಬಂದಾಗಿದೆಯಲ್ಲ, ಅಣ್ಣಾ.”

“ದವಡೆ ಹಲ್ಲು ಕಣಮ್ಮ. ಅದು ಒಳಗೇ ಕಾಯ್ತಿರುತ್ತೆ.”

ಕೊನೆಗೆ ಮಗುವನ್ನು ಆಸ್ಪತ್ರೆಗೆ ಸೇರಿಸಿದರು. ಮಲ ಪರೀಕ್ಷೆಯಲ್ಲಿ ರೋಗ ತರುವ ಬ್ಯಾಕ್ಟೀರಿಯಾ ಸಿಕ್ಕಿತು. ಮೊದಲು ಕುಡಿಯುವ ನೀರು ನೋಡಿ ಎಂದರು ಡಾಕ್ಟರು. ನಾವೆಲ್ಲ ಕುಡಿಯುತ್ತಿದ್ದ ನೀರಿನ ಸಂಪು ಕಕ್ಕಸಿನ ಗುಂಡಿಗೆ ಅಂಟಿಕೊಂಡೇ ಇತ್ತು. ಮಗು ಮನೆಗೆ ಬರುವಷ್ಟರಲ್ಲಿ ಸಂಪು ತೊಳೆಸಿಕೊಡಿ ಎಂದು ತಾಯಿ ಓನರನ್ನು ಬೇಡಿಕೊಂಡಳು.

“ಬ್ಯಾಕ್ಟೀರಿಯಾಗೆ ನನ್ನ ಸಂಪಿನ ಅಡ್ರೆಸ್ ಯಾರಮ್ಮ ಕೊಟ್ಟೋರು?”

ಹಾಗೆಂದವರು ವಠಾರದವರನ್ನೆಲ್ಲ ಕರೆದು, ಸಂಪಿನಿಂದ ಒಂದು ಲೋಟ ನೀರು ಮೊಗೆದು ಗಟಗಟನೆ ಕುಡಿದು, ಮೀಸೆ ಒರೆಸಿಕೊಂಡರು. “ನೋಡ್ರಪ್ಪ, ನಂಗೇನಾಯ್ತು?” ಇದು ಅವರ ವಿಜ್ಞಾನ. ಅವರ ಮಹಡಿ ಮನೆಗೆ ಮಾತ್ರ ದಿನಾ ಕ್ಯಾನ್ ನೀರು ಹೋಗುತ್ತಿದ್ದುದನ್ನು ನಾವೆಲ್ಲ ಕಂಡಿದ್ದೆವು. ಪ್ರಯೋಗ ಮುಗಿದ ಮೇಲೆ ಸಂಪಿನ ಮುಚ್ಚಳಕ್ಕೆ ಬೀಗ ಹಾಕಿಕೊಂಡು ಹೋದರು.

ಇನ್ನೂ ಕತ್ತು ನಿಲ್ಲದಷ್ಟು ಸುಸ್ತಾಗಿದ್ದ ಮಗಳನ್ನು ತಾಯಿ ಆಸ್ಪತ್ರೆಯಿಂದ ನೇರವಾಗಿ ಸಾಸಲಿನ ತವರಿಗೆ ಕರೆದೊಯ್ದಳು. ಗಂಡ ಬಂದು ಸಾಮಾನು ತುಂಬಿಕೊಂಡು ಹೋದ. ಆ ಮನೆಗೆ ಕೈಗೂಸಿದ್ದ ಇನ್ನೊಂದು ಸಂಸಾರ ಬಂತು. ಸಾಸಲಿಗೆ ಹೋದ ಮಗು ಚೇತರಿಸಿಕೊಂಡಿತೋ ಇಲ್ಲವೋ, ನನಗೆ ಗೊತ್ತಿಲ್ಲ.