ಅಮ್ಮನ ಸಮಾಧಿಯ ಬಿಸಿ ಅಳೆದ ದಿನ

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಎಂಟಕ್ಕೆ ಎಡೆಯ ಬುಟ್ಟಿ ಹಿಡಿದು ಅತ್ತಿಗುಪ್ಪೆಯ ಮನೆಯಿಂದ ಹೊರಟೆ. ಬ್ಯಾಡರಹಳ್ಳಿಯಾಚೆ ನಮ್ಮ ತವರಿನ ಹೊಲದಲ್ಲಿ ಅಮ್ಮನನ್ನು ಮಣ್ಣು ಮಾಡಿ ನಾಲ್ಕು ವರ್ಷ. ಕಲ್ಲು ಕಟ್ಟಿಸಿಲ್ಲ, ಬರೀ ಗುಡ್ಡೆ. ವಿಜಯನಗರದಲ್ಲಿ ಬಸ್ ಹತ್ತಿದೆ. ಕಂಡಕ್ಟರ್ ಹೆಂಗಸರ ಉಚಿತ ಟಿಕೆಟ್ ಕೊಡುತ್ತಾ, “ಬುಟ್ಟಿ ಮುಚ್ಕೊಳಿ ಅಮ್ಮ, ವಡೆ ವಾಸನೆಗೆ ಡ್ರೈವರ್ ಬ್ರೇಕ್ ಮರೀತಾನೆ” ಎಂದ. ಹತ್ತು ಕಿಲೋಮೀಟರಿಗೆ ಒಂದು ಗಂಟೆ ಹಿಡಿಯಿತು. ಹೇರೋಹಳ್ಳಿಯ ಹೊಂಡಗಳಲ್ಲಿ ಪಾಯಸ ಚೆಲ್ಲದಂತೆ ಬುಟ್ಟಿಯನ್ನು ಮಡಿಲಿಗೆ ಎತ್ತಿಕೊಂಡೆ. ಬಸ್ ಇಳಿದ ಮೇಲೆ ಆಟೋ, ಎಂಬತ್ತು ರೂಪಾಯಿ.

ಹೊಲದ ಸುತ್ತ ಕೆಂಪು ಟೇಪು ಕಟ್ಟಿತ್ತು. ಒಳಗೆ ಗಾಳಿ ಅಳೆಯುವ ಕಂಬ, ಮಣ್ಣಿಗೆ ಚುಚ್ಚಿದ ತಂತಿಗಳು. ಹೊಲ ಬಾಡಿಗೆಗೆ ಕೊಟ್ಟಿದ್ದೇನೆಂದು ತಮ್ಮ ಮಹೇಶ ಫೋನಿನಲ್ಲಿ ಹೇಳಿದ್ದ; ಯಾತಕ್ಕೆಂದು ಹೇಳಿರಲಿಲ್ಲ. ಈಗ ಟೇಪಿನ ಪಕ್ಕದಲ್ಲೇ ನಿಂತಿದ್ದವನು ನನ್ನ ಮುಖ ನೋಡಲಿಲ್ಲ.

ಕೊಡೆಯ ಕೆಳಗಿದ್ದ ಎಂಜಿನಿಯರ್ ಎದ್ದು ಬಂದ. “ನಾಳೆ ಬೆಳಿಗ್ಗೆವರೆಗೂ ಯಾರೂ ಕಾಲಿಡೋ ಹಾಗಿಲ್ಲ ಆಂಟಿ. ಮೈಬಿಸಿ ನೋಡಿ ಮನುಷ್ಯನ್ನ ಪತ್ತೆ ಹಚ್ಚೋ ಮಿಲಿಟರಿ ಕ್ಯಾಮೆರಾನ ಮುಂದಿನ ವಾರ ಇಲ್ಲಿ ಟೆಸ್ಟ್ ಮಾಡ್ತೀವಿ. ಅದಕ್ಕೆ ಮುಂಚೆ ಈ ನೆಲ ತಾನಾಗಿ ಎಷ್ಟು ಕಾಯುತ್ತೆ, ಎಷ್ಟು ಆರುತ್ತೆ ಅಂತ ಅಳೀಬೇಕು. ದೀಪ ಹಚ್ಚಿದ್ರೆ ಎಲ್ಲ ಕೆಡುತ್ತೆ.”

ನೆಲದ ಬಿಸಿ ಕಾಣಿಸುವ ಪರದೆ ತೋರಿಸಿದ. ಬೂದು ನೆಲದ ನಡುವೆ ಬೆಳ್ಳಗಿನ ಒಂದು ಆಕಾರ. “ಆ ಗುಡ್ಡೆ ನಮ್ಮ ಅದೃಷ್ಟ. ಥೇಟ್ ಯಾರೋ ಬೋರಲು ಮಲಗಿದ ಹಾಗಿದೆ. ಕ್ಯಾಮೆರಾ ಮೋಸ ಹೋಗುತ್ತಾ ನೋಡ್ಬೇಕು.”

“ಅದು ನಮ್ಮಮ್ಮನ ಸಮಾಧಿ” ಎಂದೆ.

ಅವನ ಮುಖ ಸಪ್ಪಗಾಯಿತು. “ಸಮಾಧಿ ಇದ್ರೆ ಆ ಜಾಗ ನಾವು ತಗೊಳಲ್ಲ. ಬೋರ್‌ವೆಲ್ ಕೊರೆಸಿದ ಮಣ್ಣು ಅಂತ ನಿಮ್ಮ ತಮ್ಮ ಬರ್ಕೊಟ್ಟಿದಾರೆ.”

ಮಹೇಶ ನನ್ನನ್ನು ಪಕ್ಕಕ್ಕೆ ಎಳೆದ. “ಸುಮ್ನಿರು ಅಕ್ಕ. ಮಗಳ ಕಾಲೇಜು ಈ ಬಾಡಿಗೇಲೇ ನಡೀಬೇಕು. ಎಡೆ ನಾಳೆ ಇಡು.”

“ನಾಳೆ ಇರುತ್ತೇನೋ ಅಮಾವಾಸ್ಯೆ?”

“ನಿನಗೇನು, ಕಾನ್ವೆಂಟಲ್ಲಿ ಓದ್ಕೊಂಡು ಸಿಟಿ ಸೇರ್ಕೊಂಡೆ. ಅಮ್ಮ ಹಾಸಿಗೆ ಹಿಡಿದಾಗ ಬಳ್ದು ಬಾಚಿದ್ದು ನಾನು.”

ನಿಜವೇ. ನಾನು ಭಾನುವಾರ ಹಣ್ಣು ಹಿಡಿದು ಬಂದು ಹೋಗುತ್ತಿದ್ದೆ. ಆದರೂ ಎಂಜಿನಿಯರ್ ಬಳಿ ಹೋಗಿ, “ಸಮಾಧಿ ಅಂತಲೇ ಬರ್ಕೊಳಿ” ಎಂದೆ.

ಅರ್ಧ ಗಂಟೆಯಲ್ಲಿ ತಂತಿಗಳನ್ನು ಸುತ್ತಿ ಜೀಪಿಗೆ ಹಾಕಿದರು. ಹೊರಡುವಾಗ ಅವನು ನನ್ನ ಸಮಾಧಾನಕ್ಕೆಂದು, “ಪರವಾಗಿಲ್ಲ ಆಂಟಿ, ಬೇರೆ ಕಡೆ ನಾವೇ ಒಂದು ಗುಡ್ಡೆ ಮಾಡ್ಕೋತೀವಿ. ಮಣ್ಣು ತಾನೇ” ಎಂದ.

ಎಡೆ ಇಟ್ಟೆ, ಕರ್ಪೂರ ಹಚ್ಚಿದೆ. ಕೈಮುಗಿಯಲು ಮಹೇಶ ಬರಲಿಲ್ಲ. ಆಟೋ ಹತ್ತಿ ತಿರುಗಿ ನೋಡಿದಾಗ ಟೇಪಿನ ಗೂಟಗಳನ್ನು ಒಂದೊಂದಾಗಿ ಕೀಳುತ್ತಿದ್ದ.

“ಮುಂದಿನ ವರ್ಷ ಬರ್ತೀನಿ ಕಣೋ” ಎಂದೆ.

ಬರಬೇಡ ಎಂದಾದರೂ ಅನ್ನಲಿ ಎಂದು ಆಟೋದವನಿಗೆ ಒಂದು ನಿಮಿಷ ತಡೆಯಲು ಹೇಳಿದೆ. ಅವನು ಮುಂದಿನ ಗೂಟಕ್ಕೆ ಕೈ ಹಾಕಿದ.