ಏಳಕ್ಕೇ ಊದಿದ ಮಾವ

ನಮ್ಮ ಮಾವನಿಗೆ ಬಸ್ ಡಿಪೋದವರು ಇಟ್ಟಿದ್ದ ಹೆಸರು ಪೀಪಿ. ಮೂವತ್ತೈದು ವರ್ಷ ಅಲ್ಲಿನ ಟೈರ್ ವಿಭಾಗದಲ್ಲಿ ದುಡಿದವರು. ಎಷ್ಟು ತೊಳೆದರೂ ಅವರ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಅವರ ಬಳಿ ಇದ್ದದ್ದು ಒಂದೇ ಕತೆ, ಅದನ್ನು ಕೇಳಿ ಕೇಳಿ ನನ್ನ ಗಂಡನಿಗೆ ತಲೆ ಚಿಟ್ಟು ಹಿಡಿದಿತ್ತು.

ಆಗ ಮಾವನಿಗೆ ಇಪ್ಪತ್ತೆರಡು ವರ್ಷ. ಡಿಪೋ ಬ್ಯಾಂಡಿನಲ್ಲಿ ಟ್ರಾಂಬೋನ್ ಎಂಬ ಉದ್ದನೆಯ ಹಿತ್ತಾಳೆ ತುತ್ತೂರಿ ಊದುತ್ತಿದ್ದರು. ಊರೂರು ಸುತ್ತುತ್ತಾ ಬಂದ ಒಂದು ಬ್ರಿಟಿಷ್ ತಂಡ, ಗಿಟಾರು ಡ್ರಮ್ಮಿನ ಜೊತೆ ಹಿತ್ತಾಳೆ ವಾದ್ಯ ಸೇರಿಸಿ ರಾಕ್ ಹಾಡು ಕಟ್ಟುವವರು, ಇಲ್ಲಿನ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಲು ಕೂತಾಗ ಅವರ ಟ್ರಾಂಬೋನಿನವನಿಗೆ ಜ್ವರ. ಯಾರೋ ಮಾವನನ್ನು ಎಳೆದುಕೊಂಡು ಹೋದರು. ಮೂರನೇ ಹಾಡಿನ ನಡುವೆ ಎಲ್ಲರೂ ಸುಮ್ಮನಾಗಿ, ಎಂಟು ಎಣಿಸಿ ಒಟ್ಟಿಗೆ ಊದಬೇಕಿತ್ತು. ಮಾವ ಏಳಕ್ಕೇ ಊದಿಬಿಟ್ಟರು. ತಂಡದವರು ಬಿದ್ದು ಬಿದ್ದು ನಕ್ಕು, ಇರಲಿ ಬಿಡು ಎಂದು ಅದನ್ನು ಹಾಗೇ ಉಳಿಸಿಕೊಂಡರಂತೆ. ಆಲ್ಬಮ್ಮಿನ ಮೇಲೆ ಬಂದದ್ದು ಜ್ವರದವನ ಹೆಸರು. ಕೊಂಡವರೂ ಇನ್ನೂರೋ ಮುನ್ನೂರೋ ಜನ. ಮರುವರ್ಷ ಟೈರಿಗೆ ಗಾಳಿ ತುಂಬುವಾಗ ಅದನ್ನು ಬಿಗಿಹಿಡಿದಿರುವ ಕಬ್ಬಿಣದ ರಿಂಗ್ ಹಾರಿ ಮಾವನ ಮುಂದಿನ ನಾಲ್ಕು ಹಲ್ಲು ಹೋದವು. ಊದುವುದು ಅಲ್ಲಿಗೆ ಮುಗಿಯಿತು.

ಉಳಿದಿದ್ದ ಒಂದೇ ಸಾಕ್ಷಿ ಮಾವ ಕಪಾಟಿನಲ್ಲಿಟ್ಟಿದ್ದ ಆ ಆಲ್ಬಮ್ಮಿನ ರೆಕಾರ್ಡು. ಅದನ್ನು ಹಾಳು ಮಾಡಿದ ಪುಣ್ಯಾತ್ಗಿತ್ತಿ ನಾನು. ಮದುವೆಯಾದ ಹೊಸತರಲ್ಲಿ, ಸೊಸೆ ಅಚ್ಚುಕಟ್ಟು ಅನ್ನಿಸಿಕೊಳ್ಳುವ ಹುಮ್ಮಸ್ಸಿನಲ್ಲಿ, ಕಪಾಟು ಒರೆಸಲೆಂದು ತೆಗೆದು ಕಿಟಕಿಯ ಬಿಸಿಲಿನಲ್ಲಿಟ್ಟು ಮರೆತೆ. ಸಂಜೆ ನೋಡಿದರೆ ಬಟ್ಟಲಿನ ಹಾಗೆ ಬಾಗಿತ್ತು. "ಹೋಗ್ಲಿ ಬಿಡಮ್ಮ," ಅಂದರು ಮಾವ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಮನೆಯಲ್ಲಿ ಪ್ಲೇಯರ್ ಇರಲಿಲ್ಲವಾದ್ದರಿಂದ ಅವರ ಮಗ, ನನ್ನ ಗಂಡ, ಅದನ್ನು ಒಮ್ಮೆಯೂ ಕೇಳಿರಲಿಲ್ಲ. "ಅಪ್ಪ ಬಿಡೋ ರೈಲಿಗೆ ಇನ್ಮೇಲೆ ಹಳಿನೂ ಇಲ್ಲ," ಎಂದು ನಕ್ಕಿದ್ದ.

ಕಳೆದ ತಿಂಗಳು ಯಾವುದೋ ಕಂಪನಿ ಅದೇ ಆಲ್ಬಮ್ಮನ್ನು ಮತ್ತೆ ವಿನೈಲ್ ರೆಕಾರ್ಡಾಗಿ ತರುತ್ತಿದೆ ಎಂದು ಗೊತ್ತಾದಾಗ ಹಿಂದೆಮುಂದೆ ನೋಡದೆ ತರಿಸಿದೆ. ಎದುರುಮನೆಯ ಬಡಗಿಯಿಂದ ಪ್ಲೇಯರ್ ಕೇಳಿ ತಂದೆ. ಮಾವ ಕ್ಷೌರ ಮಾಡಿಸಿಕೊಂಡು ಬಂದರು. ಹಲ್ಲಿನ ಸೆಟ್ಟನ್ನು ಎರಡೆರಡು ಸಲ ಉಜ್ಜಿದರು.

"ಏನ್ ಮಾವ, ಊದೋಕೆ ಹೊರಟಿದೀರಾ?" ಎಂದು ಕೆಣಕಿದೆ.

"ಮಗ ಕೇಳ್ತಾನಲ್ಲಮ್ಮ," ಅಂದರು.

ಭಾನುವಾರ ಮಧ್ಯಾಹ್ನ ಮಗನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಮೂರನೇ ಹಾಡು ಬಂತು. ವಾದ್ಯಗಳೆಲ್ಲ ನಿಂತವು. ಮಾವ ಮಗನ ಮಣಿಕಟ್ಟು ಹಿಡಿದು, ಅದರ ಮೇಲೆ ಬೆರಳು ತಟ್ಟುತ್ತಾ ಎಣಿಸಿದರು. ಐದು, ಆರು, ಏಳು.

ಏನೂ ಕೇಳಿಸಲಿಲ್ಲ. ಎಂಟಕ್ಕೆ ಎಲ್ಲರೂ ಒಟ್ಟಿಗೆ, ಒಂದಿಷ್ಟೂ ಹೆಚ್ಚುಕಮ್ಮಿಯಿಲ್ಲದೆ ಊದಿದರು.

ಇನ್ನೊಮ್ಮೆ ಹಾಕಿಸಿದರು. ಮತ್ತೊಮ್ಮೆ. ನಾನು ರೆಕಾರ್ಡಿನ ಜೊತೆ ಬಂದಿದ್ದ ಪುಟ್ಟ ಪುಸ್ತಕ ತಿರುವಿದೆ. ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿತ್ತು: ಮೂರನೇ ಹಾಡಿನಲ್ಲಿ ಒಂದೆಣಿಕೆ ಮೊದಲೇ ಬರುತ್ತಿದ್ದ ಟ್ರಾಂಬೋನನ್ನು ಹೊಸ ತಂತ್ರಜ್ಞಾನದಿಂದ ಸರಿಪಡಿಸಲಾಗಿದೆ. ಅದೊಂದನ್ನು ಬಿಟ್ಟಿದ್ದರೆ ಆ ಕಂಪನಿಯವರಪ್ಪನ ಮನೆ ಗಂಟೇನು ಹೋಗುತ್ತಿತ್ತು! ಮೈಯೆಲ್ಲ ಉರಿಯಿತು, ಆದರೆ ಯಾರ ಮೇಲೆ ಹಾಯುವುದು?

ಅಷ್ಟರಲ್ಲಿ ನನ್ನ ಗಂಡ ಎಂದೂ ಇಲ್ಲದಷ್ಟು ಮೆತ್ತಗೆ, "ಚೆನ್ನಾಗೇ ಊದಿದೀಯಲ್ಲಪ್ಪ," ಅಂದ.

"ಅದು ನಾನಲ್ಲ ಕಣೋ."

ನಾನು ಪುಸ್ತಕವನ್ನು ಗಂಡನ ಮುಂದೆ ಹಿಡಿದೆ. "ನೋಡ್ರೀ, ಇಲ್ಲೇ ಬರ್ದಿದೆ. ಮಾವ ಇಷ್ಟು ವರ್ಷ ಹೇಳಿದ್ದು ನಿಜ."

ಓದಿದ. ಅವನ ಮುಖ ಸಣ್ಣದಾಯಿತು. "ನಂಬ್ತೀನಪ್ಪ," ಅಂದ, "ಈಗ ಪೂರ್ತಿ ನಂಬ್ತೀನಿ."

ಹಳೆಯ ಪ್ರತಿ ಎಲ್ಲಾದರೂ ಸಿಕ್ಕೀತು, ಹುಡುಕೋಣ ಎಂದೆ ನಾನು. ಸಿಗುವುದಿಲ್ಲವೆಂದು ನನಗೇ ಗೊತ್ತಿತ್ತು. ಮಾವ ಮಗನ ಮಣಿಕಟ್ಟನ್ನು ಅಲ್ಲಿಯವರೆಗೂ ಹಿಡಿದೇ ಇದ್ದರು. ಈಗ ಬಿಟ್ಟರು.

"ನಂಬ್ಲಿ ಅಂತಲ್ಲ ಕಣೋ," ಅಂದರು. "ನಾನು ಊದಿದ್ದನ್ನ ನೀನು ಒಂದ್ಸಲ ಕೇಳ್ಲಿ ಅಂತ."