ಅತ್ತೆ ಹೆಸರಿಟ್ಟ ಹಡಗುಗಳು

ನಮ್ಮ ಸೋದರಮಾವ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದರು. ಅತ್ತೆ ಸೊಂಟ ಮುರಿದು ಹಾಸಿಗೆ ಹಿಡಿದ ಮೇಲೆ, ದಿನವೂ ಬಂದುಹೋದ ಹಡಗುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ತಂದು ಅವಳಿಗೆ ಓದಿ ಹೇಳುತ್ತಿದ್ದರು. ಹೆಸರಿಟ್ಟವಳು ಅತ್ತೆಯೇ. ಎಣ್ಣೆ ಹಡಗು ದಪ್ಪ ನಾದಿನಿ, ಹೊಗೆ ಕಾರುವುದು ಕೆಮ್ಮುವ ಭಾವ, ಯುದ್ಧನೌಕೆ ಸಿಡುಕು ಬೀಗರು.

"ಬೀಗರು ಬಂದರು, ಎರಡು ದಿನ ಇರುತ್ತಾರೆ" ಎಂಬ ಸಾಲು ಒಂದು ದಿನ ಬಂದರಿನ ಗೇಟಿನ ತಪಾಸಣೆಯಲ್ಲಿ ಪೊಲೀಸರ ಕಣ್ಣಿಗೆ ಬಿತ್ತು. ಸಂಕೇತಭಾಷೆ, ವಿದೇಶಿ ಗೂಢಚಾರ ಎಂದು ಮಾವನನ್ನು ಎಳೆದೊಯ್ದರು. ಚುನಾವಣೆ ಹತ್ತಿರವಿತ್ತು, ಮಂತ್ರಿಗಳು ಟಿವಿಯಲ್ಲಿ ಗಂಟಲು ಹರಿದುಕೊಂಡರು. ತಲೆಯಲ್ಲಿ ಏನಿತ್ತೋ ಆ ಜನಕ್ಕೆ!

ಸತ್ಯ ಹೇಳಿದರೆ ಬಿಟ್ಟುಬಿಡುತ್ತಾರೆಂದು ನಂಬಿ ಅತ್ತೆ, ಯಾವ ಹೆಸರು ಯಾವ ಹಡಗಿನದೆಂದು ಒಂದೊಂದಾಗಿ ಬಿಡಿಸಿ ಹೇಳಿದಳು. ಅದನ್ನೇ ಸಾಕ್ಷಿ ಮಾಡಿಕೊಂಡರು. ಮಾವನ ಭೇಟಿಗೆ ಯಾರನ್ನೂ ಬಿಡಲಿಲ್ಲ. "ನನ್ನ ಬಾಯಿಂದ್ಲೇ ಅವರು ಒಳಗೆ ಹೋದ್ರಲ್ಲೇ" ಎಂದು ನನ್ನೆದುರು ಕೊರಗಿ ಕೊರಗಿ, ಎರಡನೇ ವರ್ಷ ಅತ್ತೆ ತೀರಿಕೊಂಡಳು.

ಆಮೇಲೆ ಸರ್ಕಾರ ಬದಲಾಯಿತು. ಪುರಾವೆ ಸಾಲದೆಂದು ಸರ್ಕಾರಿ ವಕೀಲರು ಮೊಕದ್ದಮೆ ಕೈಬಿಟ್ಟರು. ನೋಟ್‌ಬುಕ್ ವಾಪಸ್ ಕೊಡುತ್ತಾ ಕೋರ್ಟಿನ ಗುಮಾಸ್ತ, "ಎಲ್ಲಾ ಮುಗೀತಲ್ಲ ಯಜಮಾನ್ರೇ, ಮನೇಲಿ ಆರಾಮಾಗಿರಿ" ಎಂದ.

ಮೆಟ್ಟಿಲಿಳಿಯುವಾಗ ಮಾವ ನನ್ನ ಕೈ ಹಿಡಿದುಕೊಂಡರು. "ನಂಗೆ ಅವಳ ಮೇಲೆ ಕೋಪ ಇಲ್ಲ ಅಂತ ಅವಳಿಗೆ ಯಾರಾದ್ರೂ ಹೇಳಿದ್ರಾ?"

"ಹೇಳಿದ್ದೆ ಮಾವ" ಎಂದೆ.

ಆ ಇಡೀ ಮೊಕದ್ದಮೆಯಲ್ಲಿ ನಮ್ಮ ಮನೆಯವರು ಹೇಳಿದ ಸುಳ್ಳು ಅದೊಂದೇ.